ಚಿಕ್ಕಮಗಳೂರಿಗೆ ಹೊಸಬಳು: ಊಟ, ಕಲೆ ಮತ್ತು ರಾತ್ರಿ ಒಂಬತ್ತರ ನಂತರದ ಊರು

ಬಯಲಿನವಳು:

ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯಿಂದ ವರ್ಗಾವಣೆಯಾಗಿ ಚಿಕ್ಕಮಗಳೂರಿಗೆ ಬಂದಿದ್ದೇನೆ. ಕೆಲವು ವರ್ಷ ಇಲ್ಲಿಯೇ ಇರಬೇಕಾಗಿರುವುದರಿಂದ ಊರನ್ನು ಪ್ರವಾಸಿಯಂತೆ ಎರಡು ದಿನಗಳಲ್ಲಿ ನೋಡಿ ಮುಗಿಸುವ ಆತುರ ನನಗಿಲ್ಲ. ಆದರೆ ಯಾರನ್ನು ಕೇಳಿದರೂ ಮುಳ್ಳಯ್ಯನಗಿರಿ, ಹೆಬ್ಬೆ ಜಲಪಾತ, ಹೋಂಸ್ಟೇ ಎಂಬ ಉತ್ತರಗಳೇ ಸಿಗುತ್ತವೆ. ಅಂತರ್ಜಾಲದಲ್ಲಿ ಹುಡುಕಿದರೆ ಅದೇ ಪಟ್ಟಿ ಬೇರೆ ಬೇರೆ ಚಿತ್ರಗಳೊಂದಿಗೆ ಎದುರಾಗುತ್ತದೆ.

ನನ್ನ ಮೊದಲ ಪ್ರಶ್ನೆ ಊಟದ್ದು. ನಮ್ಮ ಕಡೆ ಹೊಸ ಊರಿಗೆ ಹೋದವರು ಮೊದಲು ಒಂದು ಒಳ್ಳೆಯ ಖಾನಾವಳಿಯನ್ನು ಹುಡುಕಿಕೊಳ್ಳುತ್ತಾರೆ. ಆ ಊರಿನ ಮನೆಗಳಲ್ಲಿ ಏನು ಬೇಯುತ್ತದೆಯೋ ಹೆಚ್ಚುಕಡಿಮೆ ಅದೇ ಖಾನಾವಳಿಯ ತಟ್ಟೆಗೂ ಬರುತ್ತದೆ. ಇಲ್ಲಿ ನನ್ನ ಕಣ್ಣಿಗೆ ಬಿದ್ದ ಹೋಟೆಲುಗಳಲ್ಲಿ ಎಲ್ಲ ಊರುಗಳಲ್ಲಿಯೂ ಸಿಗುವ ಇಡ್ಲಿ, ದೋಸೆ, ಗೋಬಿ ಮಂಚೂರಿಗಳೇ ಇವೆ. ‘ಮಲೆನಾಡಿನ ಊಟ’ ಎಂದು ಫಲಕ ಹಾಕಿದ್ದ ಹೆದ್ದಾರಿ ಬದಿಯ ಒಂದು ಕಡೆ ಅಕ್ಕಿ ರೊಟ್ಟಿ ತಿಂದೆ. ಅದು ಮುರಿಯಲೂ ಬಾರದಷ್ಟು ಬಿರುಸಾಗಿತ್ತು. ಈ ಊರಿನವರು ತಮ್ಮದೆಂದು ಹೇಳಿಕೊಳ್ಳುವ ಅಡುಗೆ ನಿಜವಾಗಿ ಎಲ್ಲಿದೆ? ನಾನು ಮಾಂಸಾಹಾರವನ್ನೂ ತಿನ್ನುತ್ತೇನೆ.

ಎರಡನೆಯದಾಗಿ, ಬೇಲೂರನ್ನು ಜನಜಂಗುಳಿಯಲ್ಲಿ ಒಮ್ಮೆ ನೋಡಿದ್ದಾಯಿತು. ಅದರಾಚೆಗೆ ಸಾವಕಾಶವಾಗಿ ನೋಡಬಹುದಾದ ಶಿಲ್ಪವಾಗಲಿ, ನಾಟಕ, ಯಕ್ಷಗಾನಗಳಾಗಲಿ ಇವೆಯೇ? ಕೊನೆಯದಾಗಿ, ಸಂಜೆಯ ನಂತರ ಇಲ್ಲಿಯ ಜನ ಏನು ಮಾಡುತ್ತಾರೆ? ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ, ಕಂಪನಿ ನಾಟಕಗಳನ್ನು ನೋಡುತ್ತಾ ಬೆಳೆದವಳಿಗೆ ರಾತ್ರಿ ಒಂಬತ್ತಕ್ಕೆಲ್ಲ ಕದ ಮುಚ್ಚುವ ಊರು ವಿಚಿತ್ರವಾಗಿ ಕಾಣುತ್ತಿದೆ.

ಪೇಟೆಯ ಹಳಬ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಚಿಕ್ಕದು. ಬೆಂಗಳೂರಿನವರು ಯಾವುದನ್ನು ‘ನೈಟ್‌ಲೈಫ್’ ಎನ್ನುತ್ತಾರೋ ಅದು ಈ ಊರಿನಲ್ಲಿ ಇಲ್ಲ, ಇರಬೇಕೆಂದು ಇಲ್ಲಿಯವರಾರೂ ಬಯಸಿದಂತೆಯೂ ಕಾಣುವುದಿಲ್ಲ. ಸಂಜೆ ಎಂ.ಜಿ. ರಸ್ತೆಯಲ್ಲಿ ಒಂದು ಸುತ್ತು ಅಡ್ಡಾಡುವುದು, ಗಾಡಿಯ ಬಳಿ ನಿಂತು ಮೆಣಸಿನಕಾಯಿ ಬಜ್ಜಿ ಅಥವಾ ಚುರುಮುರಿ ತಿನ್ನುವುದು, ಪರಿಚಿತರು ಸಿಕ್ಕರೆ ಕಾಫಿ ಬೆಲೆಯ ಬಗ್ಗೆ, ಮಳೆಯ ಲೆಕ್ಕದ ಬಗ್ಗೆ ಮಾತನಾಡುವುದು, ಅಲ್ಲಿಗೆ ಮುಗಿಯಿತು. ತೋಟದವರ ದಿನ ಬೆಳಗಿನ ಜಾವಕ್ಕೇ ಆರಂಭವಾಗುತ್ತದೆ. ಪೇಟೆಯೂ ಅದೇ ಗಡಿಯಾರವನ್ನು ಅನುಸರಿಸುತ್ತದೆ. ವಾರಾಂತ್ಯದಲ್ಲಿ ಹೋಂಸ್ಟೇಗಳಲ್ಲಿ ಬೆಂಕಿ ಹಾಕಿ ಧ್ವನಿವರ್ಧಕ ಹಚ್ಚುವುದುಂಟು, ಆದರೆ ಅದು ಊರಿನವರ ರಾತ್ರಿಯಲ್ಲ. ಊರಿನವರು ಅದರ ಬಗ್ಗೆ ದೂರು ಹೇಳುವವರು.

ಮಸಾಲೆ ದೋಸೆಯನ್ನು ‘ಎಲ್ಲ ಊರಿನ ತಿಂಡಿ’ ಎಂದು ತಳ್ಳಿಹಾಕುವ ಮೊದಲು ದಯವಿಟ್ಟು ಟೌನ್ ಕ್ಯಾಂಟೀನಿಗೆ ಒಮ್ಮೆ ಹೋಗಿ ಬನ್ನಿ. ಈ ಒಂದು ವಿಷಯದಲ್ಲಿ ಊರಿನವರಿಗೂ ಪ್ರವಾಸಿಗರಿಗೂ ಭಿನ್ನಾಭಿಪ್ರಾಯವಿಲ್ಲ.

ಮೂಡಿಗೆರೆ ಕಡೆಯವನು:

ಮೇಡಂ, ನಿಮ್ಮ ಖಾನಾವಳಿಯ ಹೋಲಿಕೆಯಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಜೋಳದ ರೊಟ್ಟಿಯನ್ನು ಒಣಗಿಸಿಟ್ಟು ಖಡಕ್ ರೊಟ್ಟಿಯಾಗಿ ದಿನಗಟ್ಟಲೆ ಇಟ್ಟುಕೊಳ್ಳಬಹುದು, ಪೇರಿಸಿ ಮಾರಬಹುದು, ಬುತ್ತಿ ಕಟ್ಟಬಹುದು. ನಮ್ಮ ಮಲೆನಾಡಿನ ಅಕ್ಕಿ ರೊಟ್ಟಿಗೆ ಆ ಗುಣವಿಲ್ಲ. ಕುದಿಯುವ ನೀರಿಗೆ ಹಿಟ್ಟು ಹಾಕಿ ಬೇಯಿಸಿ, ಬಿಸಿಯಿರುವಾಗಲೇ ನಾದಿ, ತೆಳ್ಳಗೆ ತಟ್ಟಿ ಅಥವಾ ಲಟ್ಟಿಸಿ, ಕಾವಲಿಯ ಮೇಲೆ ಅರ್ಧ ಬೇಯಿಸಿ, ಬಳಿಕ ಕೆಂಡದ ಮೇಲೆ ಉಬ್ಬಿಸಿ ನೇರವಾಗಿ ತಟ್ಟೆಗೆ ಹಾಕಬೇಕು. ತಣ್ಣಗಾದರೆ ಬಿರುಸಾಗುತ್ತದೆ, ನಿಮಗೆ ಹೆದ್ದಾರಿಯಲ್ಲಿ ಆದ ಅನುಭವಕ್ಕೆ ಬಹುಶಃ ಇದೇ ಕಾರಣ. ಒಬ್ಬರು ತಟ್ಟುತ್ತಾ ಇನ್ನೊಬ್ಬರು ಸುಡುತ್ತಾ ಉಳಿದವರು ಒಲೆಯ ಪಕ್ಕದಲ್ಲಿಯೇ ಕುಳಿತು ತಿನ್ನುವ ಅಡುಗೆ ಇದು. ಹೋಟೆಲಿನ ಲೆಕ್ಕಾಚಾರಕ್ಕೆ ಇದು ಒಗ್ಗುವುದಿಲ್ಲ. ಬಯಲುಸೀಮೆಯವರು ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ಕಾವಲಿಗೇ ತಟ್ಟುವ ಅಕ್ಕಿ ರೊಟ್ಟಿ ಬೇರೆ, ಇದು ಬೇರೆ. ಹೋಟೆಲುಗಳಲ್ಲಿ ಸುಲಭವಾಗಿ ಸಿಗುವುದು ಮೊದಲನೆಯದು.

ಎರಡನೆಯ ತೊಡಕು ಋತುವಿನದು. ನಮ್ಮ ಅಡುಗೆಯಲ್ಲಿ ವಿಶೇಷವೆನಿಸುವುದೆಲ್ಲವೂ ಕೆಲವೇ ವಾರಗಳ ಬಾಳಿನದು. ಮುಂಗಾರು ಹಿಡಿದ ಹೊಸದರಲ್ಲಿ ಗದ್ದೆಯಂಚಿನಲ್ಲಿ ಏಡಿ, ಹುತ್ತದ ಬಳಿ ಅಣಬೆ. ಮಳೆ ಬಲಿತ ಮೇಲೆ ಕಳಲೆ, ಕೆಸುವಿನ ಎಲೆ. ಬಿದಿರಿನ ಎಳೆಯ ಮೊಳಕೆಯಾದ ಕಳಲೆಯನ್ನು ತಂದ ದಿನವೇ ಬೇಯಿಸುವಂತಿಲ್ಲ. ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಎರಡು ಮೂರು ದಿನ ನೀರು ಬದಲಿಸುತ್ತಾ ಬಂದರೆ ಮಾತ್ರ ಅದರ ಕಹಿಯೂ ನಂಜೂ ಹೋಗುತ್ತವೆ. ಕೆಸುವಿನ ಎಲೆಗೆ ಹುಣಸೆಹಣ್ಣಿನ ಅಥವಾ ಬೇರೆ ಹುಳಿಯ ಆಸರೆ ಬೇಕೇ ಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಅದನ್ನು ಮಸಾಲೆ ಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸಿದರೆ ಪತ್ರೊಡೆ. ಬೇಸಿಗೆಯಲ್ಲಿ ಹಲಸಿನ ಹಣ್ಣಿನ ಕಡುಬು, ಕಾಡುಮಾವಿನ ಹಣ್ಣಿನ ಗೊಜ್ಜು, ಉಪ್ಪಿನಕಾಯಿಗೆ ಅಪ್ಪೆಮಿಡಿ. ವರ್ಷವಿಡೀ ಒಂದೇ ಬೆಲೆಪಟ್ಟಿ ಇಟ್ಟುಕೊಳ್ಳುವ ಹೋಟೆಲು ಇವುಗಳಲ್ಲಿ ಯಾವುದನ್ನು ತಾನೇ ಬರೆದೀತು?

ಆದುದರಿಂದ ಹೋಟೆಲನ್ನು ಬಿಟ್ಟು ವಾರದ ಸಂತೆಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಸಾಲು ಮಳಿಗೆಗಳ ತರಕಾರಿ ಎಲ್ಲ ಕಡೆಯೂ ಒಂದೇ. ನೀವು ನೋಡಬೇಕಾದದ್ದು ಅಂಚಿನಲ್ಲಿ ಗೋಣಿಚೀಲ ಹಾಸಿಕೊಂಡು ಸ್ವಲ್ಪವೇ ಸರಕಿಟ್ಟುಕೊಂಡು ಕೂರುವ ಹಳ್ಳಿಯ ಹೆಂಗಸರ ಮುಂದೆ ಏನಿದೆ ಎಂಬುದನ್ನು. ‘ಇದನ್ನು ಹೇಗೆ ಮಾಡುವುದಮ್ಮ’ ಎಂದು ಕೇಳಿದರೆ ಅವರು ಅಡುಗೆಯ ಕ್ರಮವನ್ನು ಪೂರ್ತಿಯಾಗಿ ಹೇಳುತ್ತಾರೆ. ಕಾಡಿನ ಅಣಬೆಯನ್ನು ಮಾತ್ರ ತಿಳಿದವರ ಕೈಯಿಂದಲೇ ಕೊಳ್ಳಿ. ತೋಟದಲ್ಲಿ ಕಂಡದ್ದನ್ನು ನೀವಾಗಿಯೇ ಕಿತ್ತು ತರುವ ಸಾಹಸ ಬೇಡ.

ಇನ್ನೊಂದು ವಿಷಯವನ್ನು ಹೊರಗಿನಿಂದ ಬಂದವರು ಗಮನಿಸುವುದಿಲ್ಲ. ಈ ಊರು ಎರಡು ಅಡುಗೆಮನೆಗಳ ಗಡಿಯಲ್ಲಿದೆ. ಪೂರ್ವಕ್ಕೆ ಕಡೂರು, ಬೀರೂರಿನ ಬಯಲು. ಅಲ್ಲಿ ರಾಗಿ ಮುದ್ದೆ, ಸೊಪ್ಪಿನ ಸಾರು, ಅವರೆಕಾಳು. ಪಶ್ಚಿಮಕ್ಕೆ ಆಲ್ದೂರು, ಮೂಡಿಗೆರೆ; ಅಲ್ಲಿ ಅಕ್ಕಿಯ ಕಡುಬು, ಒತ್ತು ಶ್ಯಾವಿಗೆ, ಕಾಯಿಹಾಲು. ಬಸ್ ನಿಲ್ದಾಣದ ಸುತ್ತಮುತ್ತಲಿನ ಸಣ್ಣ ಮೆಸ್ಸುಗಳಲ್ಲಿ ಮಧ್ಯಾಹ್ನ ಈ ಎರಡೂ ಒಂದೇ ಬಾಳೆಲೆಯ ಮೇಲೆ ಸಿಗುವ ಸಂಭವವಿದೆ. ಮುದ್ದೆಯನ್ನು ಅಗಿಯಬೇಡಿ, ಸಾರಿನಲ್ಲಿ ಹೊರಳಿಸಿ ನುಂಗಿಬಿಡಿ. ನೀವು ಮಾಂಸಾಹಾರಿಗಳೆಂದು ಹೇಳಿರುವುದರಿಂದ ತಿಳಿಸುತ್ತೇನೆ: ಅಕ್ಕಿತರಿಯ ಉಂಡೆಗಡುಬಿಗೆ ನಾಟಿಕೋಳಿ ಸಾರು ಅಥವಾ ಹಂದಿಮಾಂಸದ ಪಲ್ಯ ನಮ್ಮ ಕಡೆಯ ಹಬ್ಬದೂಟ. ಇದಕ್ಕೆ ಸರಿಯಾದ ದಾರಿಯೆಂದರೆ ಸಹೋದ್ಯೋಗಿಗಳ ಮನೆಯಿಂದ ಕರೆಯೋಲೆ ಬರುವಂತೆ ನೋಡಿಕೊಳ್ಳುವುದು. ಸಂಕೋಚ ಬೇಡ, ಕರೆಯುವವರು ಸಿಗುತ್ತಾರೆ.

ಒಂದು ರಜಾದಿನ ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರಕ್ಕೆ ಬನ್ನಿ. ಧರ್ಮಸ್ಥಳದ ದಾರಿಯಲ್ಲಿ ಅಲ್ಲಿ ಇಳಿದು ನೀರುದೋಸೆ ತಿನ್ನುವುದು ಎಷ್ಟೋ ಕುಟುಂಬಗಳಿಗೆ ಯಾತ್ರೆಯ ಒಂದು ಭಾಗವೇ ಆಗಿಹೋಗಿದೆ. ಅಲ್ಲಿಯೇ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೂ ಇದೆ. ಮೂಡಿಗೆರೆಯ ತೋಟದಲ್ಲಿ ಬದುಕಿ ಬರೆದ ಅವರ ಓದುಗರಾಗಿದ್ದರೆ ದೋಸೆಗಿಂತ ಹೆಚ್ಚು ಹೊತ್ತು ಅಲ್ಲಿ ಹಿಡಿಯುತ್ತದೆ.

ಕಾಫಿಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳದಿರಲಾರೆ. ಇಲ್ಲಿ ಬೆಳೆದ ಕಾಫಿಯ ಬಹುಪಾಲು ಹೊರದೇಶಗಳಿಗೆ ಹೋಗುತ್ತದೆ. ಹೋಟೆಲಿನ ಲೋಟದಲ್ಲಿರುವುದು ಚಿಕೋರಿ ಬೆರೆಸಿದ ಪುಡಿ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಚಿಕೋರಿ ಶೇಕಡಾ 49ರವರೆಗೂ ಇರಬಹುದು. ಪುಡಿ ಮಾರುವ ಅಂಗಡಿಯಲ್ಲಿ ನಿಮ್ಮ ಎದುರೇ ಬೀಜ ಪುಡಿ ಮಾಡಿಕೊಡುತ್ತಾರೆ. ಪೀಬೆರಿ, ಪ್ಲಾಂಟೇಷನ್ ಎ ಎಂದು ಬೀಜದ ದರ್ಜೆಯನ್ನು ಕೇಳಿ, ಮೊದಲು ಚಿಕೋರಿಯಿಲ್ಲದೆ ಕಾಲು ಕೆ.ಜಿ. ತೆಗೆದುಕೊಳ್ಳಿ, ಬಳಿಕ ರುಚಿ ನೋಡಿ ಪ್ರಮಾಣ ನಿರ್ಧರಿಸಿಕೊಳ್ಳಿ. ಹಳ್ಳಿಯ ಮನೆಗಳಲ್ಲಿ ಹಾಲಿಲ್ಲದ ಬೆಲ್ಲದ ಕಾಫಿ ಕೊಟ್ಟರೆ ಅದನ್ನು ಬಡತನದ ಕಾಫಿ ಎಂದು ತಿಳಿಯಬೇಡಿ. ಮಳೆಗಾಲಕ್ಕೆ ಅದಕ್ಕಿಂತ ಹಿತವಾದುದಿಲ್ಲ.

ಬಳಪದ ಕಲ್ಲು:

ಕಲೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಮೊದಲಿಗೆ, ಬೇಲೂರನ್ನು ‘ನೋಡಿದ್ದಾಯಿತು’ ಎಂಬ ಪಟ್ಟಿಯಿಂದ ತೆಗೆದುಬಿಡಿ. ನಿಮ್ಮ ಮನೆಯಿಂದ ಅದು ಸುಮಾರು 25 ಕಿ.ಮೀ. ದೂರದಲ್ಲಿದೆ, ವಾರದ ನಡುವೆ ರಜೆ ಸಿಕ್ಕ ದಿನ ಬೆಳಗಿನ ಬಸ್ಸಿಗೆ ಹೋಗಿ, ಒಂದೇ ಒಂದು ಭಾಗವನ್ನು ಆರಿಸಿಕೊಂಡು ನೋಡಿ ಬನ್ನಿ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪನೆ ಮಾಡಿಸಿದ ಆ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾರೆ, ಆದರೆ ಶಿಲ್ಪಿಗಳು ಕೆತ್ತಿಕೊಂಡ ತಮ್ಮ ಹೆಸರುಗಳನ್ನು ಓದುವವರು ಕಡಿಮೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರುಗಳು ಅಲ್ಲಿವೆ. ಹಳಗನ್ನಡ ಲಿಪಿಯ ಅಕ್ಷರಮಾಲೆಯೊಂದನ್ನು ಜೊತೆಗಿಟ್ಟುಕೊಂಡು ಹೋದರೆ ಒಂದಿಷ್ಟು ಶ್ರಮದಿಂದ ಅಕ್ಷರಗಳನ್ನು ಬಿಡಿಸಬಹುದು, ಮತ್ತು ಆ ದಿನ ಮಾರ್ಗದರ್ಶಕರ ಅಗತ್ಯ ಬೀಳುವುದಿಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದರಿಂದ ಜನಸಂದಣಿ ಹೆಚ್ಚಿದರೂ ಪಟ್ಟಿಯ ಹೊರಗೆ ಉಳಿದ ಹೊಯ್ಸಳ ದೇವಾಲಯಗಳು ಮೊದಲಿನಷ್ಟೇ ಖಾಲಿಯಾಗಿವೆ ಎಂಬುದು ನಮ್ಮಂಥವರ ಅದೃಷ್ಟ. ಹಳೇಬೀಡಿನಿಂದ ಜಾವಗಲ್ ಕಡೆಗೆ ಹೋಗುವಾಗ ಸಿಗುವ ಬೆಳವಾಡಿಯು ನಮ್ಮ ಜಿಲ್ಲೆಯದೇ. ಅಲ್ಲಿಯ ವೀರನಾರಾಯಣ ದೇವಾಲಯದಲ್ಲಿ ಮೂರು ಗರ್ಭಗುಡಿಗಳಿದ್ದು ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹರ ವಿಗ್ರಹಗಳಿವೆ. ಹೊರಗೋಡೆಯಲ್ಲಿ ಬೇಲೂರಿನ ಕಿಕ್ಕಿರಿದ ಕೆತ್ತನೆಯನ್ನು ನಿರೀಕ್ಷಿಸಬೇಡಿ. ಇಲ್ಲಿಯ ಸೊಗಸೆಲ್ಲ ವಿಶಾಲವಾದ ಮಂಟಪಗಳಲ್ಲಿ ಮತ್ತು ಕಡೆದು ನುಣುಪು ಮಾಡಿದ ಸಾಲುಗಂಬಗಳಲ್ಲಿದೆ. ಕಂಬಗಳ ಮೇಲೆ ನಿಮ್ಮ ಮುಖದ ನೆರಳು ಕಾಣುವಷ್ಟು ಹೊಳಪು ಈಗಲೂ ಉಳಿದಿದೆ.

ನನಗೆ ಅತ್ಯಂತ ಪ್ರಿಯವಾದದ್ದು ತರೀಕೆರೆಯ ಬಳಿಯ ಅಮೃತಾಪುರ. ಇಮ್ಮಡಿ ಬಲ್ಲಾಳನ ದಂಡನಾಯಕನಾಗಿದ್ದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯ ಅದು. ಮುಂದೆ ಸೋಮನಾಥಪುರದಲ್ಲಿಯೂ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನು ಪಳಗಿದ್ದು ಇಲ್ಲಿಯೇ. ತೆರೆದ ಮಂಟಪದ ಹೊರಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣದ 70 ಫಲಕಗಳು, ಉತ್ತರಕ್ಕೆ ಭಾಗವತ ಮತ್ತು ಮಹಾಭಾರತದ ಕಥೆಗಳು. ವಿಚಿತ್ರವೆಂದರೆ ರಾಮಾಯಣವು ಪ್ರದಕ್ಷಿಣೆಯ ದಿಕ್ಕಿಗೆ ವಿರುದ್ಧವಾಗಿ ಸಾಗುತ್ತದೆ. ಎಲ್ಲರಂತೆ ಪ್ರದಕ್ಷಿಣೆ ಹಾಕುತ್ತಾ ಹೋದರೆ ಕಥೆ ಹಿಂದುಮುಂದಾಗಿ ಕಾಣುತ್ತದೆ. ಆದುದರಿಂದ ಒಂದು ತುದಿಗೆ ಹೋಗಿ ಅಲ್ಲಿಂದ ಹಿಂದಿರುಗುತ್ತಾ ಓದಬೇಕು.

ಇಷ್ಟು ದೂರ ಹೋಗಲು ಸಮಯವಿಲ್ಲದಿದ್ದರೆ ಪೇಟೆಗೆ ಅಂಟಿಕೊಂಡಿರುವ ಹಿರೇಮಗಳೂರಿನ ಕೋದಂಡರಾಮ ದೇವಾಲಯಕ್ಕೆ ಒಂದು ಸಂಜೆ ನಡೆದುಕೊಂಡೇ ಹೋಗಿ. ರಾಮನ ಬಲಗಡೆ ಸೀತೆಯೂ ಎಡಗಡೆ ಲಕ್ಷ್ಮಣನೂ ನಿಂತಿರುವುದು ಅಲ್ಲಿಯ ವಿಶೇಷ. ಅಲ್ಲಿ ಪೂಜೆಯ ಮಂತ್ರಗಳೂ ಕನ್ನಡದಲ್ಲಿವೆ. ನಾಟಕ, ಸಂಗೀತಗಳಿಗೆ ಪೇಟೆಯಲ್ಲಿ ಕುವೆಂಪು ಕಲಾಮಂದಿರವಿದೆ. ಆದರೆ ಅಲ್ಲಿ ಪ್ರತಿವಾರವೂ ಏನಾದರೊಂದು ಇರುತ್ತದೆ ಎಂದು ಭರವಸೆ ಕೊಡಲಾರೆ. ಸ್ಥಳೀಯ ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ದ ಅಂಕಣವನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ, ಅಂತರ್ಜಾಲದಲ್ಲಿ ಅವು ಬರುವುದು ಕಡಿಮೆ.

ಕೊಪ್ಪದ ಸೊಸೆ:

ಪೇಟೆಯ ಹಳಬರು ರಾತ್ರಿಯ ವಿಷಯವನ್ನು ನಾಲ್ಕು ಸಾಲುಗಳಲ್ಲಿ ಮುಗಿಸಿರುವುದಕ್ಕೆ ನನ್ನ ಆಕ್ಷೇಪವಿದೆ. ಅವರು ಹೇಳಿದ್ದು ಪೇಟೆಯ ಮಟ್ಟಿಗೆ ನಿಜ. ಆದರೆ ಈ ಜಿಲ್ಲೆಯ ರಾತ್ರಿಗಳು ಶನಿವಾರ, ಭಾನುವಾರಗಳನ್ನು ನೋಡಿಕೊಂಡು ಎದ್ದು ಕೂರುವುದಿಲ್ಲ. ಅವು ಪಂಚಾಂಗವನ್ನೂ ಮಳೆಯನ್ನೂ ನೋಡಿಕೊಂಡು ಏಳುತ್ತವೆ. ಮಳೆಗಾಲವಿಡೀ ಮಲಗಿರುವ ಊರುಗಳು ದೀಪಾವಳಿಯಿಂದ ಮುಂದಿನ ಬೇಸಿಗೆಯವರೆಗೆ ಎಷ್ಟು ಸಲ ರಾತ್ರಿ ಜಾಗರಣೆ ಮಾಡುತ್ತವೆ ಎಂಬುದನ್ನು ಪೇಟೆಯವರು ಮರೆತಂತಿದೆ.

ದೀಪಾವಳಿಯಿಂದಲೇ ಆರಂಭಿಸುತ್ತೇನೆ. ಮಲ್ಲೇನಹಳ್ಳಿಯ ಬಳಿಯ ಬಿಂಡಿಗ ದೇವೀರಮ್ಮನ ಬೆಟ್ಟಕ್ಕೆ ನರಕ ಚತುರ್ದಶಿಯ ಸಮಯದಲ್ಲಿ ಸಾವಿರಾರು ಜನ ಬರಿಗಾಲಿನಲ್ಲಿ, ಕತ್ತಲಿರುವಾಗಲೇ ಹತ್ತಲು ಆರಂಭಿಸುತ್ತಾರೆ. ಬೆಟ್ಟದ ತುದಿಯ ದೇವಿಯ ದರ್ಶನ ವರ್ಷಕ್ಕೊಮ್ಮೆ ಮಾತ್ರ. ಮೆಟ್ಟಿಲುಗಳ ಅನುಕೂಲವಿಲ್ಲದ, ಮಳೆ ಬಿದ್ದಿದ್ದರೆ ಜಾರುವ ಕಡಿದಾದ ದಾರಿಯಲ್ಲಿ ಟಾರ್ಚಿನ ಬೆಳಕುಗಳ ಸಾಲು ಮೇಲೇರುವುದನ್ನು ಕೆಳಗಿನಿಂದ ನೋಡಿದರೂ ಸಾಕು, ಊರು ನಿದ್ರೆ ಮಾಡುತ್ತದೆ ಎಂಬ ಮಾತು ನಿಲ್ಲುವುದಿಲ್ಲ.

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅದೇ ದಿನಗಳಲ್ಲಿ ಅಂಟಿಗೆ ಪಂಟಿಗೆಯವರು ಬರುತ್ತಾರೆ. ಒಂದು ದೀಪವನ್ನು ಹೊತ್ತಿಸಿಕೊಂಡು, ಅದನ್ನು ಆರದಂತೆ ಕಾಪಾಡುತ್ತಾ, ರಾತ್ರಿಯಿಡೀ ಮನೆಯಿಂದ ಮನೆಗೆ, ಹಳ್ಳಿಯಿಂದ ಹಳ್ಳಿಗೆ ಪದ ಹಾಡುತ್ತಾ ನಡೆಯುವ ಗಂಡಸರ ಗುಂಪು ಅದು. ಮನೆಯವರು ಬಾಗಿಲು ತೆರೆದು ಆ ದೀಪಕ್ಕೆ ಎಣ್ಣೆ ಎರೆಯಬೇಕು, ಅದರಿಂದ ತಮ್ಮ ದೀಪ ಹೊತ್ತಿಸಿಕೊಳ್ಳಬೇಕು, ಅಕ್ಕಿ ಕಾಯಿ ಕೊಟ್ಟು ಕಳುಹಿಸಬೇಕು. ಮದುವೆಯಾಗಿ ಬಂದ ವರ್ಷ ನನ್ನ ಅತ್ತೆಯವರು ಅರ್ಧರಾತ್ರಿಯಲ್ಲಿ ಎಬ್ಬಿಸಿ ಎಣ್ಣೆಯ ಗಿಂಡಿಯನ್ನು ಕೈಗೆ ಕೊಟ್ಟಾಗ ನನಗೆ ತಲೆಬುಡ ತಿಳಿದಿರಲಿಲ್ಲ. ಈಗ ಆ ಹಾಡು ದೂರದಲ್ಲಿ ಕೇಳಿದೊಡನೆ ನಾನೇ ಉಳಿದವರನ್ನು ಎಬ್ಬಿಸುತ್ತೇನೆ.

ನೀವು ನಾಟಕದ ಡೇರೆಗಳನ್ನು ನೆನೆಸಿಕೊಂಡಿದ್ದೀರಿ. ಇಲ್ಲಿ ಆ ಜಾಗದಲ್ಲಿ ಯಕ್ಷಗಾನವಿದೆ. ಕರಾವಳಿಯ ಮೇಳಗಳು ದೀಪಾವಳಿಯ ನಂತರ ತಿರುಗಾಟ ಹೊರಟು ಮೇ ತಿಂಗಳಿನವರೆಗೆ ಘಟ್ಟದ ಮೇಲಿನ ಊರುಗಳಿಗೂ ಬರುತ್ತವೆ. ಯಾರಾದರೂ ಹರಕೆ ಹೊತ್ತು ಆಡಿಸುವ ಆಟಕ್ಕೆ ಟಿಕೆಟ್ಟಿಲ್ಲ; ಯಾರು ಬೇಕಾದರೂ ಹೋಗಿ ಕೂರಬಹುದು, ಹೆಚ್ಚಿನ ಕಡೆ ಊಟವನ್ನೂ ಹಾಕುತ್ತಾರೆ. ಈಗ ಕಾಲಮಿತಿಯ ಪ್ರದರ್ಶನಗಳು ಬಂದಿರುವುದರಿಂದ ಎಷ್ಟೋ ಆಟಗಳು ನಡುರಾತ್ರಿಗೇ ಮುಗಿಯುತ್ತವೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ, ಏಕೆಂದರೆ ಬೆಳಗಿನ ಜಾವದ ಚಳಿಯಲ್ಲಿ ಭಾಗವತರ ಧ್ವನಿ ಏರುವುದನ್ನು ಕೇಳದವರು ಆಟವನ್ನು ಅರ್ಧ ಮಾತ್ರ ನೋಡಿದಂತೆ. ಆದರೆ ಮರುದಿನ ಕಚೇರಿಗೆ ಹೋಗಬೇಕಾದ ನಿಮಗೆ ಅದೇ ಅನುಕೂಲ. ಯುಗಾದಿಯ ಆಸುಪಾಸಿನಲ್ಲಿ ಮೂಡಿಗೆರೆ ಕಡೆಯ ಹಳ್ಳಿಗಳ ಸುಗ್ಗಿ ಹಬ್ಬವೂ ಇದೆ. ಅದರ ಕಟ್ಟುಪಾಡುಗಳು ಹಳ್ಳಿಯಿಂದ ಹಳ್ಳಿಗೆ ಬೇರೆಯಾಗಿರುವುದರಿಂದ ಆ ಊರಿನವರ ಜೊತೆಯಲ್ಲಿಯೇ ಹೋಗಿ.

ಮನುಷ್ಯರ ಗದ್ದಲವೇ ಬೇಡವೆನಿಸಿದರೆ ಇನ್ನೆರಡು ರಾತ್ರಿಗಳನ್ನು ಗುರುತು ಹಾಕಿಕೊಳ್ಳಿ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ಕಾಫಿ ತೋಟಗಳು ಒಮ್ಮೆಲೇ ಬಿಳಿಯ ಹೂ ಬಿಡುತ್ತವೆ. ಸಂಜೆಯಿಂದಾಚೆಗೆ ಅದರ ಪರಿಮಳ ರಸ್ತೆಯವರೆಗೂ ಹರಿದು ಬರುತ್ತದೆ, ಎರಡು ಮೂರು ದಿನಗಳಲ್ಲಿ ಮುಗಿದೇ ಹೋಗುತ್ತದೆ. ಮುಂಗಾರಿಗೆ ಸ್ವಲ್ಪ ಮೊದಲು ಮಿಂಚುಹುಳುಗಳ ಕಾಲ.

ಬಯಲಿನವಳು:

ಎಲ್ಲರಿಗೂ ಧನ್ಯವಾದಗಳು. ಖಡಕ್ ರೊಟ್ಟಿಗೂ ಖಾನಾವಳಿಗೂ ಇರುವ ನಂಟನ್ನು ರೊಟ್ಟಿ ಬಡಿಯುತ್ತಲೇ ಬೆಳೆದ ನಾನು ಎಂದೂ ಯೋಚಿಸಿರಲಿಲ್ಲ. ಕೊಪ್ಪದ ಅಕ್ಕನವರಲ್ಲಿ ಇನ್ನೊಂದು ಪ್ರಶ್ನೆ: ನಾನು ಒಬ್ಬಳೇ ಇರುವವಳು. ಹರಕೆ ಆಟಕ್ಕಾಗಲಿ, ದೇವೀರಮ್ಮನ ಬೆಟ್ಟಕ್ಕಾಗಲಿ ಹೆಂಗಸರು ಒಂಟಿಯಾಗಿ ಹೋಗಬಹುದೇ? ಸ್ಕೂಟರ್ ಇದೆ.

ಕೊಪ್ಪದ ಸೊಸೆ:

ಆಟದ ಬಯಲಿನಲ್ಲಿ ಅಂಜಿಕೆಯಿಲ್ಲ ತಂಗಿ, ಅಲ್ಲಿ ಅಜ್ಜಿಯಂದಿರಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಇರುತ್ತಾರೆ. ತೊಂದರೆಯಿರುವುದು ಹೋಗಿ ಬರುವ ದಾರಿಯಲ್ಲಿ. ಆಲ್ದೂರು, ಮೂಡಿಗೆರೆ ಕಡೆ ಕಾಡಾನೆಗಳು ರಾತ್ರಿಯ ಹೊತ್ತು ತೋಟದಿಂದ ತೋಟಕ್ಕೆ ರಸ್ತೆ ದಾಟುತ್ತವೆ. ಘಾಟಿಯಲ್ಲಿ ಮಂಜು ಕವಿದರೆ ಮುಂದಿನ ಗಾಡಿಯೂ ಕಾಣುವುದಿಲ್ಲ. ಸ್ಕೂಟರನ್ನು ಮನೆಯಲ್ಲಿಯೇ ಬಿಡಿ. ಕಚೇರಿಯಲ್ಲಿ ಆ ಊರಿನವರು ಯಾರಾದರೂ ಇದ್ದೇ ಇರುತ್ತಾರೆ, ಅವರ ಮನೆಯಲ್ಲಿ ಉಳಿದುಕೊಂಡು ಬೆಳಗಿನ ಬಸ್ಸಿಗೆ ಹಿಂದಿರುಗಿ.

ಬೆಟ್ಟಕ್ಕೆ ಹೆಂಗಸರು ಗುಂಪು ಗುಂಪಾಗಿ ಬರುತ್ತಾರೆ, ಆದರೆ ಮೊದಲ ಸಲಕ್ಕೆ ಒಂಟಿಯಾಗಿ ಬೇಡ. ಚಪ್ಪಲಿ ಕೆಳಗೇ ಬಿಡಬೇಕಾಗುವುದರಿಂದ ಒಂದೆರಡು ವಾರ ಮೊದಲಿನಿಂದ ಬರಿಗಾಲಿನಲ್ಲಿ ಸ್ವಲ್ಪ ನಡೆದು ರೂಢಿ ಮಾಡಿಕೊಳ್ಳಿ. ಇಳಿಯುವಾಗ ಹತ್ತುವುದಕ್ಕಿಂತ ಹೆಚ್ಚು ಎಚ್ಚರ ಬೇಕು, ಜಾರುವುದು ಆಗಲೇ.

ಪೇಟೆಯ ಹಳಬ:

ಆಕ್ಷೇಪವನ್ನು ಒಪ್ಪಿಕೊಂಡು ಎರಡು ಮಾತು ಸೇರಿಸುತ್ತೇನೆ. ಮುಳ್ಳಯ್ಯನಗಿರಿಯಲ್ಲಿ ನಕ್ಷತ್ರ ನೋಡಬಹುದು ಎಂದು ಯಾರಾದರೂ ಹೇಳಿದರೆ ನಂಬಿಕೊಂಡು ಹೊರಡಬೇಡಿ. ಕತ್ತಲಾದ ಮೇಲೆ ಕೈಮರದ ತನಿಖಾ ಠಾಣೆಯಿಂದ ಮೇಲಕ್ಕೆ ವಾಹನಗಳನ್ನು ಬಿಡುವುದಿಲ್ಲ. ಇನ್ನು ಟೌನ್ ಕ್ಯಾಂಟೀನಿಗೆ ಭಾನುವಾರ ಹೋಗಬೇಡಿ. ಅಂದು ಬೆಂಗಳೂರಿನ ಕಾರುಗಳೇ ತುಂಬಿರುತ್ತವೆ, ಕುರ್ಚಿ ಸಿಗುವ ಹೊತ್ತಿಗೆ ಹಸಿವೆ ಸತ್ತಿರುತ್ತದೆ. ಮಂಗಳವಾರವೋ ಬುಧವಾರವೋ ಕಚೇರಿಗೆ ಹೋಗುವ ದಾರಿಯಲ್ಲಿ ಹೊಕ್ಕು ತಿಂದು ಹೋಗಿ.